ಹಿತ್ತಲ ಬಾಲ್ಕನಿಯ ಪಿಸ್ತೂಲುಗಳು

ಬೆಳಕು ಹರಿಯುವುದರೊಳಗೆ ಭವಾನಿ ಮುಗಿಸುವ ಕೆಲಸಗಳು ಇವು. ನಾಲ್ಕೂ ಮುಕ್ಕಾಲಿಗೆ ಎದ್ದು ನೀರಿನ ಮೋಟರ್ ಹಾಕುವುದು; ಐದು ದಾಟಿದರೆ ಮೇಲಿನ ಮನೆಯವರು ಹಾಕುತ್ತಾರೆ, ಆಮೇಲೆ ಸಂಪಿನಲ್ಲಿ ಕೆಸರಷ್ಟೇ ಉಳಿಯುತ್ತದೆ. ಬಾಗಿಲಿಗೆ ನೀರು ಚಿಮುಕಿಸಿ ರಂಗೋಲಿ ಎಳೆಯುವುದು. ಹಾಲು ಕಾಯಿಸಿ, ಅದು ಉಕ್ಕುವಷ್ಟರಲ್ಲಿ ರಾತ್ರಿಯ ಪಾತ್ರೆಗಳಲ್ಲಿ ಅರ್ಧ ತೊಳೆದು, ಉಕ್ಕಿದ ಮೇಲೆ ಉಳಿದರ್ಧ ತೊಳೆಯುವುದು. ಮಾವನ ಲಿಂಗಪೂಜೆಗೆ ಪತ್ರೆ, ಹೂವು, ವಿಭೂತಿ ಗಟ್ಟಿ, ಮಡಿ ನೀರು ಮಣೆಯ ಬಲಕ್ಕೆ ಇಡುವುದು. ಎಡಕ್ಕಿಟ್ಟರೆ ಅವರು ಸುಮ್ಮನೆ ಕೂತು ಕಾಯುತ್ತಾರೆ. ಗಂಡನ ಇನ್ಸುಲಿನ್ ಫ್ರಿಜ್ಜಿನಿಂದ ತೆಗೆದು ಹೊರಗಿಡುವುದು. ಮನೆಯಲ್ಲಿ ಎ.ಸಿ. ಇರುವುದು ಮಾವನ ಕೋಣೆಯಲ್ಲಿ ಮಾತ್ರ. ಅಲ್ಲಿಂದ ಅವರ ತಲೆಗೆಣ್ಣೆಯ ಬಾಟಲಿ ತಂದು, ರಾತ್ರಿಯೆಲ್ಲ ತಣ್ಣಗಾಗಿ ಬೆಳ್ಳಗೆ ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯನ್ನು ಬಿಸಿನೀರಿನ ಲೋಟದಲ್ಲಿ ನಿಲ್ಲಿಸಿ ಕರಗಿಸುವುದು. ಚಟ್ನಿಗೆ ಕಾಯಿ ತುರಿಯುವುದು. ಮೋಟರ್ ಆರಿಸುವುದು.

ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಾನೆ. ಎಪ್ಪತ್ತೊಂಬತ್ತರ ಮಾವ ಗಂಗಾಧರಪ್ಪನವರು ಹೊರಗೆ ಬಂದು ಮಣೆಯ ಬಲಗಡೆ ನೋಡಿ, "ಶಿವನ ದಯೆ. ಈ ಮನೇಲಿ ಎಲ್ಲಾ ತಾನಾಗೇ ನಡೀತೈತೆ" ಅನ್ನುತ್ತಾರೆ.

ಮನೆ ಇರುವುದು ವೆಸ್ಟ್ ಮಾಂಬಲಂನ ಒಂದು ಸಂದಿಯಲ್ಲಿ, ಎರಡನೇ ಮಹಡಿಯಲ್ಲಿ. ಮೊದಲು ಇವರಿಗೆ ಪುರಸೈವಾಕ್ಕಂನಲ್ಲಿ ಏರ್‌ಗನ್ ಅಂಗಡಿ ಇತ್ತು. ಗಂಗಾಧರಪ್ಪನವರು ಮಾರುತ್ತಿದ್ದರು, ಮಗ ರುದ್ರಮುನಿ, ಭವಾನಿಯ ಗಂಡ, ರಿಪೇರಿ ಮಾಡುತ್ತಿದ್ದ. ಮರೀನಾ ಬೀಚಿನಲ್ಲಿ ಬಲೂನು ಹೊಡೆಸುವವರ ಬಂದೂಕುಗಳೆಲ್ಲ ಅವನ ಕೈಗೇ ಬರುತ್ತಿದ್ದವು, ಒಳಗೆ ಸಮುದ್ರದ ಮರಳು ತುಂಬಿಕೊಂಡು. ಆ ಕಟ್ಟಡ ಸೀರೆಯ ಮಳಿಗೆಯಾದ ಮೇಲೆ ಅಂಗಡಿಯ ಸಾಮಾನು ಮನೆಯ ಹಿತ್ತಲ ಬಾಲ್ಕನಿಗೆ, ವಾಷಿಂಗ್ ಮೆಷಿನ್ನಿನ ಪಕ್ಕಕ್ಕೆ ಬಂತು. ಕ್ರೋಂಪೇಟೆಯ ಆಚೆಯ ಒಂದು ಶೂಟಿಂಗ್ ಕ್ಲಬ್ಬಿನ ಕೆಲಸ ಮಾತ್ರ ಉಳಿಯಿತು. ಕ್ಲಬ್ಬಿನಲ್ಲಿ ಜನ ಹೇಳುವುದುಂಟು: ಟ್ರಿಗರ್ ಅಂದರೆ ರುದ್ರಮುನಿ ಸಾರ್ ಕೈ. ಬೆಣ್ಣೆಗೆ ಬೆರಳು ಹಾಕಿದ ಹಾಗೆ.

ಆ ಕೈಗೆ ನಾಲ್ಕು ವರ್ಷಗಳಿಂದ ಸ್ಪರ್ಶವೇ ಇಲ್ಲ. ಸಕ್ಕರೆ ಕಾಯಿಲೆ ಮೊದಲು ಕಾಲಿನ ಬೆರಳು ಮರಗಟ್ಟಿಸಿತು, ಆಮೇಲೆ ಕೈಯ ಬೆರಳಿಗೆ ಬಂತು. ಒಂದು ಮಧ್ಯಾಹ್ನ ಅವನು ಹಿಡಿದಿದ್ದೇನೆಂದುಕೊಂಡ ಸ್ಪ್ರಿಂಗ್ ಅವನ ಬೆರಳಲ್ಲಿರಲಿಲ್ಲ, ಹಾರಿಹೋಗಿತ್ತು. ಮರುದಿನ ಕಸ ಗುಡಿಸುವಾಗ ಬೀರುವಿನ ಕೆಳಗೆ ಭವಾನಿಗೆ ಅದು ಸಿಕ್ಕಿತು. ಅವನು ಮಲಗಿದ್ದ. ಅವಳು ಬಾಲ್ಕನಿಗೆ ಹೋಗಿ, ಬಿಚ್ಚಿಟ್ಟಿದ್ದನ್ನು ನೋಡಿ, ಸ್ಪ್ರಿಂಗ್ ಅದರ ಜಾಗದಲ್ಲಿ ಕೂರಿಸಿದಳು. ದಾವಣಗೆರೆಯಲ್ಲಿ ಅವಳ ಅಪ್ಪನದು ಹೊಲಿಗೆ ಮೆಷಿನ್ ರಿಪೇರಿ ಅಂಗಡಿ. ಸ್ಪ್ರಿಂಗ್, ಪಿನ್ನು, ಹನಿ ಎಣ್ಣೆ ಅವಳಿಗೆ ಗೊತ್ತಿದ್ದ ಸಂಗತಿಗಳು. ಎದ್ದು ಬಂದ ರುದ್ರಮುನಿ ಟ್ರಿಗರ್ ಎಳೆದು ನೋಡಿದ, ಅವಳ ಮುಖ ನೋಡಿದ. ಮಾರನೇ ವಾರ ಇನ್ನೊಂದನ್ನು ಬಾಲ್ಕನಿಯಲ್ಲಿಟ್ಟು ಪೇಪರ್ ಓದಲು ಹೋದ. ಹೆಂಗಸರಿಗೆ ಮನೆಯ ಕೆಲಸಗಳು ಬರುವುದೇ ಹೀಗೆ, ಯಾರೂ ಕೊಡದೆ. ಆದರೆ ಈ ಕೆಲಸ ಭವಾನಿಗೆ ಇಷ್ಟವಾಗಿಬಿಟ್ಟಿತು.

ಮಧ್ಯಾಹ್ನ ಎರಡರಿಂದ ನಾಲ್ಕು. ಮಾವ ಮಲಗಿರುತ್ತಾರೆ, ಗಂಡ ಟಿವಿ ಮುಂದೆ, ಮಗಳು ಪ್ರಣಮ್ಯಾ ಕೊಯಮತ್ತೂರಿನ ಹಾಸ್ಟೆಲ್ಲಿನಲ್ಲಿ. ಭವಾನಿ ಮೊದಲು ಗಾಳಿಯ ಸಿಲಿಂಡರ್ ಬಿಚ್ಚಿಟ್ಟು, ನಳಿಗೆ ಖಾಲಿ ಇದೆಯೆಂದು ಎರಡು ಸಲ ನೋಡುತ್ತಾಳೆ. ಆಮೇಲೆ ಕಣ್ಣು ಮುಚ್ಚಿ ಟ್ರಿಗರನ್ನು ನಿಧಾನವಾಗಿ ಎಳೆಯುತ್ತಾಳೆ. ಒಳಗಿನ ಕೊಕ್ಕೆ ಜಾರುವ ಮೊದಲು ದಾರಿಯಲ್ಲಿ ಏನೇನು ಸಿಗುತ್ತದೋ ಬೆರಳು ಹೇಳುತ್ತದೆ. ಮರಳಾದರೆ ಅಕ್ಕಿಯಲ್ಲಿ ಕಲ್ಲು ಸಿಕ್ಕ ಹಾಗೆ ಒಂದೇ ಕಡೆ ಕಟ್ ಅನ್ನುತ್ತದೆ. ತುಕ್ಕಾದರೆ ಉದ್ದಕ್ಕೂ ಉಜ್ಜುತ್ತದೆ. ಹಳೆಯ ಎಣ್ಣೆ ಅಂಟಾಗಿದ್ದರೆ ಎಳೆತ ಹಿಂದೆ ಬೀಳುತ್ತದೆ. ಜನ ಇಂಥದ್ದಕ್ಕೆಲ್ಲ ಕೊಕ್ಕೆಯನ್ನು ಅರದಿಂದ ಉಜ್ಜಿ ನಯ ಮಾಡುತ್ತಾರೆ. ಉಜ್ಜಿದರೆ ಆ ದಿನಕ್ಕೆ ಹಗುರವಾಗುತ್ತದೆ. ಆರು ತಿಂಗಳ ಮೇಲೆ ಮೇಜಿನ ಮೇಲೆ ಇಟ್ಟ ಪಿಸ್ತೂಲಿನಿಂದ ಗುಂಡು ತಾನಾಗಿ ಹಾರುತ್ತದೆ. ಭವಾನಿ ಅರ ಮುಟ್ಟುವುದಿಲ್ಲ. ತೊಳೆಯುತ್ತಾಳೆ, ಒಣಗಿಸುತ್ತಾಳೆ, ಸೂಜಿಯ ತುದಿಯಲ್ಲಿ ನಿಲ್ಲುವಷ್ಟು ಎಣ್ಣೆ ಕೊಡುತ್ತಾಳೆ. ಹೆಚ್ಚಾದ ಎಣ್ಣೆಯೇ ಮುಂದಿನ ಧೂಳನ್ನು ಕರೆಯುತ್ತದೆ. ಕೊನೆಗೆ ಕೊಕ್ಕೆಯ ಬಲ ನೋಡಬೇಕು: ಏರ್ ಪಿಸ್ತೂಲಿನ ಟ್ರಿಗರ್ ಅರ್ಧ ಕಿಲೋ ತೂಕ ತಡೆದು ನಿಲ್ಲಬೇಕು, ಪಂದ್ಯದಲ್ಲಿ ತೂಗಿ ನೋಡುತ್ತಾರೆ. ಮೊದಮೊದಲು ಅವಳು ಅರ್ಧ ಕಿಲೋ ತೊಗರಿಬೇಳೆಯ ಪ್ಯಾಕೆಟ್ಟನ್ನು ದಾರದಲ್ಲಿ ಕಟ್ಟಿ ನೇತು ಹಾಕುತ್ತಿದ್ದಳು. ಈಗ ಹಿತ್ತಾಳೆಯ ಬಟ್ಟು ಇದೆ.

ನವೆಂಬರಿನ ಒಂದು ಮಂಗಳವಾರ, ಮಳೆ ಸ್ವಲ್ಪ ಬಿಟ್ಟಿದ್ದಾಗ, ಕ್ಲಬ್ಬಿನ ಕಾರ್ಯದರ್ಶಿ ವಿಷ್ಣುಮೂರ್ತಿ ಒಂದು ಕಪ್ಪು ಪೆಟ್ಟಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಉಡುಪಿ ಕಡೆಯವರು, ಮೂವತ್ತು ವರ್ಷ ಹೋಟೆಲು ನಡೆಸಿ ಈಗ ಕ್ಲಬ್ಬು ನಡೆಸುವವರು. ಅವರ ಹಿಂದೆ ಹದಿನೇಳರ ಹುಡುಗಿ ವೀಕ್ಷಾ.

"ಎಂತ ಮಾರಾಯ್ರೇ," ಅಂದರು ವಿಷ್ಣುಮೂರ್ತಿ ಕೂರುವ ಮೊದಲೇ. "ನಿಮ್ಮ ಕೈಗೆ ದೃಷ್ಟಿ ತಾಗಿತಾ? ಆಯುಧಪೂಜೆ ಆದ ಮೇಲೆ ಕೊಟ್ರಲ್ಲ ಈ ಎರಡು ಪಿಸ್ತೂಲು, ಎಳೆದರೆ ಮೆಣಸಿನಪುಡಿ ಅರೆದ ಹಾಗೆ ಆಗ್ತದೆ. ಕೊಟ್ಟ ಮಾರನೇ ದಿವಸದಿಂದಲೇ. ಬರುವ ಭಾನುವಾರ ಸೆಲೆಕ್ಷನ್ ಉಂಟು."

ರುದ್ರಮುನಿ ಒಂದನ್ನು ಕೈಗೆ ತಗೊಂಡು ಎಳೆದ. ಅವನಿಗೆ ಏನೂ ತಿಳಿಯುವುದಿಲ್ಲವೆಂದು ಕೋಣೆಯಲ್ಲಿ ಭವಾನಿಗೆ ಮಾತ್ರ ಗೊತ್ತು. "ಚೆನ್ನಾಗೇ ಇದೆಯಲ್ಲ" ಅಂದ. ವಿಷ್ಣುಮೂರ್ತಿಯೂ ಎಳೆದರು, ಹುಬ್ಬೇರಿಸಿದರು. "ಹೌದಲ್ಲ. ಇಲ್ಲಿ ಅಷ್ಟು ಕಾಣುವುದಿಲ್ಲ. ಅಲ್ಲಿ ಕಾಣ್ತದೆ. ಇದೆಂಥ ಮಾಟ?"

"ಇದನ್ನ ಉಪಯೋಗಿಸೋದು ಯಾರು?"

"ಈ ಹುಡುಗಿಯೇ. ಬೇರೆಯವರಿಗೆ ಸ್ವಂತದ್ದು ಉಂಟು."

ರುದ್ರಮುನಿ ಹುಡುಗಿಯ ಕಡೆ ನೋಡಿ ನಕ್ಕ. "ಹ್ಯಾಂಡ್ ಕ್ರೀಮ್. ಈಗಿನ ಹುಡುಗೀರು ಗಂಟೆಗೊಂದ್ಸಲ ಹಚ್ಚಿಕೊಳ್ತಾರೆ. ಅದು ಟ್ರಿಗರ್ ಸಂದಿಯಿಂದ ಒಳಗೆ ಹೋಗುತ್ತೆ. ನನ್ನ ಕೆಲಸದಲ್ಲಿ ತಪ್ಪು ಬರೋದಿಲ್ಲ ವಿಷ್ಣುಮೂರ್ತಿಯೋರೆ, ಇಪ್ಪತ್ತೆಂಟು ವರ್ಷ ಆಯ್ತು."

"ಹಾಗಾದರೆ ಕಮಿಟಿಗೆ ಬರೆದು ಕೊಡಿ. ಕ್ಲಬ್ಬಿನ ಸಾಮಾನು ಹಾಳು ಮಾಡುವವರಿಗೆ ಕ್ಲಬ್ಬಿನ ಸಾಮಾನು ಕೊಡುವುದು ಬೇಡ ಅಂತ ರೂಲ್ ಮಾಡಿದ್ದೇವೆ. ಅವಳು ಸ್ವಂತದ್ದು ತಂದುಕೊಳ್ಳಲಿ."

ಹುಡುಗಿ ತಲೆ ತಗ್ಗಿಸಿದಳು. ಅವಳಪ್ಪ ಬಾಬು ಒಂದು ಹೋಟೆಲ್ಲಿನಲ್ಲಿ ಅಡುಗೆಯವರು, ಒಂದು ಪಿಸ್ತೂಲಿನ ಬೆಲೆಗೆ ಅವರು ಎರಡು ವರ್ಷ ಒಲೆಯ ಮುಂದೆ ನಿಲ್ಲಬೇಕು. ಭಾನುವಾರದ ಹೊತ್ತಿಗೆ ಸ್ವಂತದ್ದು ತಾ ಅನ್ನುವುದೂ ಬರಬೇಡ ಅನ್ನುವುದೂ ಒಂದೇ.

ಭವಾನಿ ಕಾಫಿ ಕೊಟ್ಟಳು. ವೀಕ್ಷಾ ಕುಡಿದ ಲೋಟ ಹಿಡಿದು ಅಡುಗೆಮನೆಗೇ ಬಂದು, ಕೇಳದೆಯೇ ನಲ್ಲಿ ತಿರುಗಿಸಿ ತೊಳೆಯತೊಡಗಿದಳು.

"ಇಡಮ್ಮಾ, ನಾನು ತೊಳೀತೀನಿ."

"ಪರವಾಯಿಲ್ಲೆ ಆಂಟಿ. ಅಭ್ಯಾಸ ಆಗಿಬಿಟ್ಟಿದೆ. ಅಮ್ಮ ದೋಸೆಹಿಟ್ಟು ರುಬ್ಬಿ ಮಾರ್ತಾರೆ, ಗ್ರೈಂಡರ್ ತೊಳೆಯೋದು ನಾನೇ." ಆಮೇಲೆ ತಗ್ಗಿದ ದನಿಯಲ್ಲಿ, "ಸತ್ಯಮಾ ಆಂಟಿ, ನಾನು ಕ್ರೀಮ್ ಹಚ್ಚಲ್ಲ. ನಮ್ಮನೇಲಿ ಕ್ರೀಮೇ ಇಲ್ಲ."

ಭವಾನಿ ಅವಳ ಬಲಗೈಯನ್ನು ತನ್ನ ಕೈಯಲ್ಲಿ ತಗೊಂಡಳು. ತೋರುಬೆರಳಿನ ತುದಿ ಸೋಪಿನ ನೀರಿಗೆ ಸೀಳಿತ್ತು, ಉಗುರಿನ ಬುಡದಲ್ಲಿ ಹಿಟ್ಟು ಒಣಗಿತ್ತು. ಇಂಥ ಕೈ ಅವಳಿಗೆ ಚೆನ್ನಾಗಿ ಗೊತ್ತು, ಅಂಥದ್ದೇ ಎರಡು ಅವಳಿಗೂ ಇವೆ. ಈ ಚರ್ಮದ ಮೇಲೆ ಯಾವ ಕ್ರೀಮೂ ವರ್ಷದಿಂದ ಬಿದ್ದಿಲ್ಲ. "ಪಿಸ್ತೂಲು ಇಲ್ಲೇ ಬಿಟ್ಟುಹೋಗು" ಅಂದಳು.

ಅವತ್ತು ಮಧ್ಯಾಹ್ನ ಬಾಲ್ಕನಿಯಲ್ಲಿ ಎಷ್ಟು ಸಲ ಎಳೆದರೂ ಟ್ರಿಗರ್ ಸುಮಾರಾಗಿಯೇ ಬಂತು. ತುಸು ಒರಟು, ದೂರು ಕೊಡುವಷ್ಟಲ್ಲ. ಗಂಡ ಹೇಳಿದ್ದು ನಿಜವಿರಬಹುದೇ ಎಂದು ಒಂದು ಗಳಿಗೆ ಅವಳಿಗೂ ಅನ್ನಿಸಿತು. ಅನ್ನಿಸಿದ್ದರಲ್ಲಿ ಒಂದು ಸುಖವೂ ಇತ್ತು, ಅವಳ ಕೆಲಸದಲ್ಲಿ ತಪ್ಪಿಲ್ಲವೆಂಬ ಸುಖ.

ಬುಧವಾರ ಬೆಳಿಗ್ಗೆ ಮಾವನ ಕೋಣೆಯಿಂದ ಎಣ್ಣೆಯ ಬಾಟಲಿ ತಂದು ಬಿಸಿನೀರಿನಲ್ಲಿ ನಿಲ್ಲಿಸುವಾಗ ಅವಳ ಕೈ ತಡೆಯಿತು. ಕೋಣೆಯಲ್ಲಿ ಕಲ್ಲಿನಂತಿದ್ದದ್ದು ಅಡುಗೆಮನೆಗೆ ಬಂದು ಹತ್ತು ನಿಮಿಷಕ್ಕೆ ನೀರಾಗುತ್ತದೆ. ಕ್ಲಬ್ಬಿನ ಶೂಟಿಂಗ್ ಹಾಲ್‌ನಲ್ಲೂ ಎ.ಸಿ. ಇದೆ. ಇಲ್ಲಿ ಕಾಣುವುದಿಲ್ಲ, ಅಲ್ಲಿ ಕಾಣುತ್ತದೆ.

ಅವಳು ಒಂದು ಪಿಸ್ತೂಲನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿ ಫ್ರಿಜ್ಜಿನಲ್ಲಿ, ಮೊಸರಿನ ಪಾತ್ರೆಯ ಪಕ್ಕ ಇಟ್ಟಳು. ಗಂಟೆಯಾದ ಮೇಲೆ ರುದ್ರಮುನಿ ನೀರಿನ ಬಾಟಲಿಗೆಂದು ಬಾಗಿಲು ತೆಗೆದ.

"ಏ ಭವಾನಿ! ಏನೇ ಇದು? ಮೊಸರಿನ ಪಕ್ಕ ಪಿಸ್ತೂಲು!"

"ಬಾಗಿಲು ಮುಚ್ರೀ, ತಣ್ಣಗಾಗ್ಲಿ."

"ತಲೆ ಕೆಟ್ಟಿದೆಯಾ ನಿಂಗೆ? ಯಾರಾದ್ರೂ ನೋಡಿದ್ರೆ?"

"ಈ ಫ್ರಿಜ್ ತೆಗೆಯೋರು ಯಾರಿದ್ದಾರೆ? ನಾಲ್ಕು ವರ್ಷದಲ್ಲಿ ನೀರು ಬಿಟ್ರೆ ನೀವೇ ಏನೂ ತೆಗೆದಿಲ್ಲ."

ಹೊರತೆಗೆದು ಎಳೆದಾಗ ಬೆರಳಿನಡಿ ಎಲ್ಲ ಬಂತು: ಮೊದಲು ಮೇಣದ ಹಾಗೆ ಒಂದು ತಡೆ, ಆಮೇಲೆ ಅದರೊಳಗೆ ಸಣ್ಣ ಸಣ್ಣ ಹರಳು, ರಾಗಿಹಿಟ್ಟಿನಲ್ಲಿ ಮಣ್ಣು ಬೆರೆತ ಹಾಗೆ. ಅವಳು ಹಿಡಿ ಬಿಚ್ಚಿದಳು, ಎರಡು ಪಿನ್ನು ತಳ್ಳಿ ಟ್ರಿಗರ್ ಭಾಗವನ್ನು ಹೊರಗೆಳೆದಳು. ಸಂದಿಗಳಲ್ಲೆಲ್ಲ ಬೂದುಬಣ್ಣದ ಅಂಟು. ಮೂಗಿಗೆ ಹಿಡಿದಳು. ಕೊಬ್ಬರಿ ಎಣ್ಣೆ. ಉಗುರಿನಿಂದ ಕೆರೆದು ಬೆರಳುಗಳ ನಡುವೆ ತಿಕ್ಕಿದಳು. ವಿಭೂತಿ.

ಆಯುಧಪೂಜೆಯ ದಿನ ಅವಳಿಗೆ ನೆನಪಾಯಿತು. ಪಿಸ್ತೂಲುಗಳ ಕೆಲಸ ಅವಳು ಹಿಂದಿನ ದಿನವೇ ಮುಗಿಸಿ, ಬಟ್ಟು ತೂಗಿ ನೋಡಿ ಪೆಟ್ಟಿಗೆಯಲ್ಲಿ ಇಟ್ಟಿದ್ದಳು. ಮಾವ ಅವನ್ನು ಹೊರಗೆ ತೆಗೆಸಿ, ಅರ, ಸ್ಕ್ರೂಡ್ರೈವರುಗಳ ಜೊತೆ ಮಣೆಯ ಮೇಲಿಟ್ಟು, ಮೂರು ಬೆರಳು ತುಂಬ ನೀರು ಬೆರೆಸಿದ ವಿಭೂತಿ ಬಳಿದಿದ್ದರು. ಅಂದು ಹದಿನಾಲ್ಕು ಜನರಿಗೆ ಊಟ. ಮರುದಿನ ಅವಳು ಪಾತ್ರೆಗಳ ರಾಶಿಯ ಮುಂದೆ ಕೂತಿದ್ದಾಗ, ಗಂಗಾಧರಪ್ಪನವರು ಹಜಾರದಲ್ಲಿ ಒಂದು ಬಟ್ಟೆಯ ತುಂಡು ಹಿಡಿದು ಪಿಸ್ತೂಲುಗಳನ್ನು ಒರೆಸುತ್ತಿದ್ದದ್ದು ಕಂಡಿತ್ತು. ಆ ಮನೆಗೆ ಬಂದ ಇಪ್ಪತ್ನಾಲ್ಕು ವರ್ಷಗಳಲ್ಲಿ ಮಾವ ಏನನ್ನಾದರೂ ಒರೆಸಿದ್ದನ್ನು ಅವಳು ನೋಡಿದ್ದು ಅದೇ ಮೊದಲು. ಅವಳಿಗೆ ಎಷ್ಟು ಸಂತೋಷವಾಗಿತ್ತೆಂದರೆ, ಬಟ್ಟೆಗೆ ಏನು ಅದ್ದಿದ್ದಾರೆಂದು ಕೇಳಲಿಲ್ಲ. ತೂಗಿ ಮುಗಿಸಿದ್ದನ್ನು ಮತ್ತೆ ಎಳೆದು ನೋಡಲೂ ಇಲ್ಲ. ಹಾಗೇ ಪೆಟ್ಟಿಗೆ ಮುಚ್ಚಿ ಕಳಿಸಿದ್ದಳು.

ಈಗ ಕೇಳಿದಳು. "ಮಾವ, ಹಬ್ಬದ ಮಾರನೇ ದಿನ ಪಿಸ್ತೂಲು ಒರೆಸಿದ್ರಲ್ಲ, ಏನು ಹಚ್ಚಿದ್ರಿ?"

ಗಂಗಾಧರಪ್ಪನವರ ಮುಖ ಅರಳಿತು. "ಗಮನಿಸಿದ್ದೆಯಾ ತಾಯಿ? ನನ್ನ ತಲೆಗೆಣ್ಣೆನೇ. ವಿಭೂತಿ ಒಣಗಿ ಕಪ್ಪು ಕಬ್ಬಿಣದ ಮೇಲೆ ಬಿಳಿಬಿಳಿ ಕಾಣ್ತಿತ್ತು. ಧಾರಾಳವಾಗಿ ಹಾಕಿ ಫಳಫಳ ಅನ್ನಂಗೆ ಮಾಡಿದೆ. ನಿಂಗೆ ಒಂದು ಕೆಲಸ ಕಮ್ಮಿ ಆಗ್ಲಿ ಅಂತ."

ಅವಳಿಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಹಾಗೆ ಬಂದಿದ್ದರೆ ಸುಲಭವಾಗುತ್ತಿತ್ತು.

ಗುರುವಾರ ಎರಡು ಗಂಟೆಗೆ ಕೂತು ಐದರವರೆಗೂ ಏಳಲಿಲ್ಲ. ಮಾವನ ಕಾಫಿ ಒಂದು ಗಂಟೆ ತಡವಾಯಿತು. ಚಿಕ್ಕ ಸ್ಟೀಲ್ ಬಟ್ಟಲಲ್ಲಿ ಬಿಳಿ ಪೆಟ್ರೋಲ್ ಹಾಕಿ ಒಂದೊಂದೇ ತುಂಡನ್ನು ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿದಳು. ಮೊದಲ ಸಲ ಪೆಟ್ರೋಲು ಹಾಲಿನಂತಾಯಿತು. ಚೆಲ್ಲಿ ಮತ್ತೆ ಹಾಕಿದಳು, ಮೂರನೇ ಸಲಕ್ಕೆ ತಿಳಿಯಾಯಿತು. ಬ್ರಷ್ಷು ಹೋಗದ ತೂತಿಗೆ ಊದುಬತ್ತಿಯ ಕಡ್ಡಿಗೆ ಹತ್ತಿ ಸುತ್ತಿ ತಿರುಗಿಸಿದಳು. ಫ್ಯಾನಿನ ಕೆಳಗೆ ಬಿಳಿ ಪಂಚೆಯ ಮೇಲೆ ಹರಡಿ ಒಣಗಿಸಿದಳು. ಕೊಕ್ಕೆಯ ಅಂಚನ್ನು ಬೆಳಕಿಗೆ ಹಿಡಿದು ನೋಡಿದಳು, ಸವೆದಿರಲಿಲ್ಲ. ಸೂಜಿಯ ತುದಿಯಿಂದ ಪಿನ್ನುಗಳಿಗೆ ಒಂದೊಂದು ಹನಿ, ಕೊಕ್ಕೆಗೆ ಉಗುರಿನ ಅಂಚಿನಷ್ಟು ಗ್ರೀಸು. ಜೋಡಿಸಿ, ಬಟ್ಟು ತೂಗಿ, ಹಿಡಿಯನ್ನು ರಬ್ಬರ್ ಚಾಪೆಯ ಮೇಲೆ ಕುಟ್ಟಿ ಕೊಕ್ಕೆ ತಾನಾಗಿ ಜಾರುವುದಿಲ್ಲವೆಂದು ನೋಡಿದಳು. ರಾತ್ರಿಯಿಡೀ ಎರಡನ್ನೂ ಫ್ರಿಜ್ಜಿನಲ್ಲಿಟ್ಟು ಬೆಳಿಗ್ಗೆ ತೆಗೆದು ಎಳೆದಳು. ದಾರಿಯಲ್ಲಿ ಏನೂ ಸಿಗಲಿಲ್ಲ. ಎಲ್ಲಿ ಮುಗಿಯಿತೆಂದೂ ತಿಳಿಯಲಿಲ್ಲ, ಕಟ್ ಅಂದಾಗಷ್ಟೇ ತಿಳಿಯಿತು.

ಶುಕ್ರವಾರ ತಿಂಡಿಯ ಹೊತ್ತಿಗೆ ಗಂಡನಿಗೆ ಎಲ್ಲ ಹೇಳಿದಳು. ಅವನು ಇಡ್ಲಿ ತಿನ್ನುತ್ತಲೇ ಕೇಳಿಸಿಕೊಂಡು, ಕೈ ತೊಳೆದು, ಒಂದು ಲಕೋಟೆ ತಂದಿಟ್ಟ.

"ನಾನು ಆಗಲೇ ಬರೆದಿಟ್ಟಿದ್ದೀನಿ. ಕ್ರೀಮಿನಿಂದ ಕೆಟ್ಟಿತ್ತು, ಸರಿ ಮಾಡಿದ್ದೀನಿ ಅಂತ. ಅಪ್ಪನ್ನ ಕಣ್ಣಾಸ್ಪತ್ರೆಗೆ ಕರ್ಕೊಂಡು ಹೋಗ್ಬೇಕು, ನೀನೇ ಟ್ರೇನಲ್ಲಿ ಹೋಗಿ ಪೆಟ್ಟಿಗೆ ಜೊತೆ ಕೊಟ್ಟು ಬಾ. ಮಾತಾಡ್ತಾ ಕೂರಬೇಡ."

"ಆ ಹುಡುಗಿ ಕ್ರೀಮ್ ಹಚ್ಚಲ್ಲ ರೀ."

"ಮತ್ತೆ ಏನಂತ ಬರೀಲಿ? ನಮ್ಮಪ್ಪ ಹಚ್ಚಿದ ವಿಭೂತಿ ಕೊಳೆ ಅಂತ ಬರೀಲಾ?"

"ಕೊಳೆ ಅಂತ ಯಾರಂದ್ರು? ಹಣೆ ಮೇಲಿರ್ಬೇಕಾದ್ದು ಟ್ರಿಗರ್ ಒಳಗೆ ಹೋಯ್ತು, ಕಳಿಸೋ ಮುಂಚೆ ನೋಡ್ಲಿಲ್ಲ ಅಂತ ಬರೀರಿ."

"ಯಾರು ನೋಡ್ಲಿಲ್ಲ?"

ಅವಳು ಅವನ ತಟ್ಟೆ ಎತ್ತಿಕೊಂಡಳು.

"ಹೇಳು. ನಾನು ನೋಡ್ಲಿಲ್ಲ ಅಂದ್ರೆ ನನ್ನ ಹೆಸರು ಹೋಯ್ತು. ನೀನು ನೋಡ್ಲಿಲ್ಲ ಅಂದ್ರೆ ನಾಲ್ಕು ವರ್ಷ ಅಡುಗೆಮನೆ ಹೆಂಗಸಿನ ಕೈಲಿ ಮಾಡಿಸಿದ ಅಂತ ನಾಳೆಯಿಂದ ಒಂದು ಸ್ಕ್ರೂನೂ ಕೊಡಲ್ಲ." ಆಮೇಲೆ ದನಿ ತಗ್ಗಿಸಿದ. "ನಿಂಗೇ ಕಣೇ ನಷ್ಟ. ನಂಗೇನು, ನಾನು ಟಿವಿ ನೋಡ್ತೀನಿ."

ಅವನು ಹೇಳಿದ್ದು ನಿಜ. ಇಷ್ಟು ವರ್ಷ ಅವನು ಅವಳ ಕೈಯ ಬಗ್ಗೆ ಒಂದು ಮಾತೂ ಆಡಿರಲಿಲ್ಲ; ಆ ಎರಡು ಗಂಟೆ ಅವಳಿಗೆ ಏನೆಂದು ಅವನಿಗೆ ಗೊತ್ತಿತ್ತೆಂಬುದೇ ಅವಳಿಗೆ ಹೊಸ ವಿಷಯ.

ಹತ್ತೂಕಾಲರ ಲೋಕಲ್ ಟ್ರೇನಿನಲ್ಲಿ ಹೆಂಗಸರ ಡಬ್ಬಿ ಅರ್ಧ ಖಾಲಿ ಇತ್ತು. ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟು, ಎರಡೂ ಕೈಗಳನ್ನು ಅದರ ಮೇಲಿಟ್ಟು ಕೂತಳು. ಗಿಂಡಿ ದಾಟುವವರೆಗೂ ಅವಳು ಲೆಕ್ಕ ಹಾಕಿದ್ದು ಒಂದೇ: ಕೆಲಸ ಹೋದರೆ ಎರಡರಿಂದ ನಾಲ್ಕರವರೆಗೆ ಏನು ಮಾಡುವುದು. ಆ ಹೊತ್ತನ್ನು ತುಂಬುವುದು ಮನೆಗೆ ಕಷ್ಟವಲ್ಲ. ಹಪ್ಪಳ ಒಣಗಿಸಬಹುದು, ಬೀರು ಜೋಡಿಸಬಹುದು, ಮಾವನಿಗೆ ಮೂರು ಗಂಟೆಗೆ ಇನ್ನೊಂದು ಕಾಫಿ ಬೇಕಾಗಬಹುದು. ಒಂದು ವಾರದಲ್ಲಿ ಆ ಎರಡು ಗಂಟೆ ಎಂದೂ ಇರಲೇ ಇಲ್ಲವೆನ್ನುವಂತೆ ಮುಚ್ಚಿಕೊಳ್ಳುತ್ತದೆ. ಹುಡುಗಿಗಾದರೆ ಚಿಕ್ಕ ವಯಸ್ಸು, ಈ ವರ್ಷ ತಪ್ಪಿದರೆ ಮುಂದಿನ ವರ್ಷ, ಎಂದುಕೊಂಡಳು. ಎಂದುಕೊಂಡ ಕೂಡಲೇ ಆ ಮಾತು ತನಗೆ ಎಷ್ಟು ಜನ ಎಷ್ಟು ಸಲ ಹೇಳಿದ್ದಾರೆಂದು ನೆನಪಾಗಿ ಕಿಟಕಿಯ ಹೊರಗೆ ನೋಡಿದಳು. ಪಲ್ಲಾವರಂ ಬಂದಿತ್ತು.

ಕ್ಲಬ್ಬಿನ ಆಫೀಸಿನಲ್ಲಿ ಗುಮಾಸ್ತ ಒಬ್ಬನೇ ಇದ್ದ. "ಸಾರ್ ಬ್ಯಾಂಕ್‌ಗೆ ಪೋಯಿರುಕ್ಕಾರ್ ಮಾ. ಬರೋದು ಹನ್ನೆರಡಾಗುತ್ತೆ. ಪೆಟ್ಟಿಗೆ, ಲೆಟರ್ ಎಲ್ಲ ಅಲ್ಲಿ ಟೇಬಲ್ ಮೇಲೆ ಇಟ್ಟು ಹೋಗಿ, ನಾನು ಕೊಡ್ತೀನಿ" ಅಂದು ಶೂಟಿಂಗ್ ಹಾಲ್‌ನ ಕಡೆ ಹೊರಟುಹೋದ.

ಭವಾನಿ ಮೇಜಿನ ಮೇಲೆ ಪೆಟ್ಟಿಗೆ ಇಟ್ಟಳು, ಅದರ ಮೇಲೆ ಲಕೋಟೆ. ಇಟ್ಟು ಬಾಗಿಲವರೆಗೆ ಹೋದಳು. ಹನ್ನೊಂದೂವರೆಯ ಟ್ರೇನು ಸಿಕ್ಕರೆ ಮಾವ ಆಸ್ಪತ್ರೆಯಿಂದ ಬರುವಷ್ಟರಲ್ಲಿ ಅನ್ನಕ್ಕೆ ಇಡಬಹುದು. ಗಾಜಿನ ಗೋಡೆಯ ಆಚೆ, ತಣ್ಣಗಿನ ಹಾಲ್‌ನಲ್ಲಿ, ಯಾರೋ ಮೂರು ಜನ ಕೈಚಾಚಿ ನಿಂತಿದ್ದರು. ವೀಕ್ಷಾ ಅವರಲ್ಲಿ ಇರಲಿಲ್ಲ. ಶುಕ್ರವಾರ ಅವಳ ಅಭ್ಯಾಸದ ದಿನವೆಂದು ಬಾಗಿಲ ಪಕ್ಕದ ಪಟ್ಟಿಯಲ್ಲಿ ಬರೆದಿತ್ತು.

ಭವಾನಿ ಹಿಂದಿರುಗಿ ಬಂದಳು. ಲಕೋಟೆಯನ್ನು ತೆಗೆದುಕೊಂಡು, ಒಡೆಯದೆ, ನಡುವೆ ಹರಿದಳು. ಎರಡು ತುಂಡು ಸೇರಿಸಿ ಮತ್ತೊಮ್ಮೆ ಹರಿದು ಮೇಜಿನ ಕೆಳಗಿನ ಬುಟ್ಟಿಗೆ ಹಾಕಿದಳು. ಕಾರ್ಯದರ್ಶಿಯ ಮೇಜಿನ ಎದುರಿನ ಕುರ್ಚಿ ಎಳೆದುಕೊಂಡಳು. ಆಸ್ಪತ್ರೆಯಲ್ಲಿದ್ದ ಗಂಡನಿಗೆ ಫೋನ್ ಮಾಡಿ, "ಮನೆಗೆ ಹೋಗಿ ಅನ್ನಕ್ಕೆ ನೀವೇ ಇಡಿ, ನಾನು ವಿಷ್ಣುಮೂರ್ತಿಯೋರ ಹತ್ರ ಮಾತಾಡಿ ಬರ್ತೀನಿ" ಅಂದಳು. ಆ ಕಡೆಯಿಂದ ಅವನು ಏನು ಮಾತು, ಯಾರ ಬಗ್ಗೆ ಮಾತು ಎಂದು ಕೇಳುತ್ತಿದ್ದ. "ನಾನು ಮಾಡಿದ ಕೆಲಸದ ಬಗ್ಗೆ" ಅಂದು ಫೋನ್ ಇಟ್ಟು, ಅವರು ಬರುವವರೆಗೆ ಕಾಯಲು ಕೂತಳು.